ಬಿಳಿ ಪಟ್ಟಿ ಕದಿಯುವ ಹದ್ದು

ಫೆಬ್ರವರಿ ೯, ಸೋಮವಾರ

ಕನಸಿನಲ್ಲಿ ಮಗಳ ಹಗ್ಗ ನೋಡುತ್ತಿದ್ದೆ. ಗಂಟು ಸರಿಯಾಗಿಯೇ ಇತ್ತು. ಯಾವುದಕ್ಕೆ ಕಟ್ಟಿದೆ ಎಂದು ತಿರುಗಿದರೆ ನಮ್ಮ ಅಡುಗೆಮನೆಯ ಸ್ಟೂಲಿಗೆ. ಅದೇ, ಒಂದು ಕಾಲು ಕುಂಟುವ ಸ್ಟೂಲು. ತಾರಸಿಯ ಮೇಲೆ ಅದು ಕುಂಟುತ್ತಾ ಕುಂಟುತ್ತಾ ಅಂಚಿನ ಕಡೆಗೆ ಹೋಗುತ್ತಿದೆ. ಹಿಡಿಯಲು ಓಡಿದರೆ ಮನೆಯವಳು ಒಲೆಯ ಹತ್ತಿರದಿಂದ, "ಅದನ್ನ ಬಿಡಿ, ನಾನು ಕೂತ್ಕೋಬೇಕು" ಅನ್ನುತ್ತಾಳೆ. ಎಚ್ಚರವಾದಾಗ ಬನಿಯನ್ನು ತೊಯ್ದು ತೊಪ್ಪೆ.

ಎದ್ದು ಹೋಗಿ ಸ್ಟೂಲು ನೋಡಿ ಬಂದೆ. ಇದ್ದಲ್ಲೇ ಇತ್ತು.

ಇದನ್ನು ಹೇಳಿದ್ದಕ್ಕೇ ಮನೆಯವಳು ಈ ನೋಟ್‌ಬುಕ್ ತಂದು ಮುಂದೆ ಇಟ್ಟಳು. ಮದುವೆಯಾದಾಗಿನಿಂದ ಕೇಳಿ ಕೇಳಿ ಅವಳ ಕಿವಿ ಸವೆದಿದೆಯಂತೆ, ಇನ್ನು ಮುಂದೆ ನನ್ನ ಪುಕಪುಕವನ್ನೆಲ್ಲ ಇದರಲ್ಲಿ ಇಳಿಸಬೇಕಂತೆ, ಇದಕ್ಕಾದರೆ ಬೇಜಾರಾಗುವುದಿಲ್ಲವಂತೆ. ನಾನು ಶಾಲೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವನು. ಒತ್ತಕ್ಷರ ಬೇಕಾದ ಕಡೆ ಕೊಡದೆ ಬೇಡದ ಕಡೆ ಕೊಡುತ್ತೇನೆ. ಯಾರೂ ಓದುವುದಿಲ್ಲ ಬಿಡಿ. ಓದಿಬಿಟ್ಟರೆ? ಕಪಾಟಿನ ಮೇಲೆ, ಹಿಂದಕ್ಕೆ ತಳ್ಳಿ ಇಡಬೇಕು.

ಇವತ್ತು ಹೊಸ ಕಟ್ಟಡ ತೊಳೆಯುವ ಕೆಲಸ ಶುರುವಾಯಿತು. ಪೂರ್ತಿ ಗಾಜು. ಒಳಗೆ ಇನ್ನೂ ಒಂದು ನರಪಿಳ್ಳೆ ಬಂದಿಲ್ಲ, ಕಿಟಕಿ ಒಂದೂ ತೆಗೆಯಲು ಬರುವುದಿಲ್ಲ. ಗಾಜಿನ ಮೇಲೆ ಸಿಮೆಂಟು, ಬಣ್ಣ, ಅಂಟು ಎಲ್ಲಾ ಹಾಗೇ ಒಣಗಿದೆ. ನಾಲ್ಕು ಗೋಡೆ ಕೆರೆದು ತೊಳೆದು ಮೇ ತಿಂಗಳಲ್ಲಿ ಒಪ್ಪಿಸಬೇಕು ಎಂದು ಮ್ಯಾನೇಜರಮ್ಮ ಮೊದಲ ದಿನವೇ ಎರಡು ಸಲ ಹೇಳಿದರು. ಹಗ್ಗದಲ್ಲಿ ಇಳಿಯುವವರು ಉದ್ದಣ್ಣ ಮತ್ತು ನನ್ನ ಮಗಳು. ಮೇಲೆ ನಿಂತು ಹಗ್ಗ ಕಾಯುವವನು ನಾನು. ಮಗಳನ್ನು ಈ ಕೆಲಸಕ್ಕೆ ಸೇರಿಸಿದ್ದು ನಾನೇ, ನೆಲದ ಮೇಲೆ ನಿಂತು ಬಕೆಟ್ ತುಂಬಿಸಲಿ ಎಂದು. ಅವಳು ಹೋಗಿ ತರಬೇತಿ ಮುಗಿಸಿ, ಸರ್ಟಿಫಿಕೇಟ್ ತಂದು ಗೋಡೆಗೆ ನೇತುಹಾಕಿ, ತಾನೂ ನೇತಾಡಲು ಶುರುಮಾಡಿದಳು.

ಒಬ್ಬೊಬ್ಬರಿಗೆ ಎರಡು ಹಗ್ಗ. ಭಾರ ಹೊರುವುದು ದುಡಿಯೋ ಹಗ್ಗ. ಅದು ಕೈಕೊಟ್ಟರೆ ಹಿಡಿಯುವುದು ಕಾಯೋ ಹಗ್ಗ. ಎರಡನ್ನೂ ತಾರಸಿಯಲ್ಲಿ ಹುಗಿದ ಕಬ್ಬಿಣದ ಬಳೆಗಳಿಗೆ ಅವರವರೇ ಕಟ್ಟಿಕೊಳ್ಳುತ್ತಾರೆ. ನಾನು ಗಂಟು ನೋಡುತ್ತೇನೆ. ನೋಡಿ ಸರಿಯಿದ್ದರೆ ಆ ಬಳೆಗೆ ಹಳೇ ಬೆಡ್‌ಶೀಟಿನ ಒಂದು ಬಿಳಿ ಪಟ್ಟಿ ಕಟ್ಟುತ್ತೇನೆ. ಬಿಳಿ ಪಟ್ಟಿ ಇಲ್ಲದ ಬಳೆಯಿಂದ ಯಾರೂ ಇಳಿಯುವಂತಿಲ್ಲ. ಇದು ನಮ್ಮ ಪದ್ಧತಿ. ಮಗಳ ಪಟ್ಟಿ ಕಟ್ಟಿದ ಮೇಲೂ ನಾನು ಮತ್ತೆ ನೋಡುತ್ತೇನೆ, ಅದು ಪದ್ಧತಿಯಲ್ಲ. ಅದಕ್ಕೇ ಅವಳು ಕಣ್ಣು ಮೇಲೆ ಮಾಡುತ್ತಾಳೆ.

ಫೆಬ್ರವರಿ ೧೨, ಗುರುವಾರ

ತಾರಸಿಯ ಮೂಡಣ ಮೂಲೆಯಲ್ಲಿ ಕಟ್ಟಡದ ಹೆಸರು ಹಾಕಲು ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದಾರೆ. ಅಕ್ಷರ ಇನ್ನೂ ಬಂದಿಲ್ಲ. ಅಕ್ಷರಕ್ಕಿಂತ ಮೊದಲು ಹದ್ದು ಬಂದಿದೆ. ಎರಡು. ಕಡ್ಡಿ ತರುವುದು, ಇಡುವುದು, ಬೀಳಿಸುವುದು. ಒಂದು ಕಡ್ಡಿ ನನ್ನ ಟೀ ಲೋಟಕ್ಕೇ ಬಿತ್ತು. ಕೂಗೋ, ಯಾರೋ ಸೀಟಿ ಹೊಡೆಯಲು ಹೋಗಿ ಮಧ್ಯದಲ್ಲಿ ಅಳು ಬಂದ ಹಾಗೆ. ಇಡೀ ದಿನ ಇದನ್ನು ಕೇಳಬೇಕು.

ಇಷ್ಟು ದೊಡ್ಡ ಊರು, ಇಷ್ಟೊಂದು ತಾರಸಿ. ನಾನು ನಿಂತಲ್ಲೇ ಬರಬೇಕಾ ಇವಕ್ಕೆ?

ಫೆಬ್ರವರಿ ೧೭, ಮಂಗಳವಾರ

ಪಟ್ಟಿ ಕದ್ದವು.

ಉದ್ದಣ್ಣನ ಎರಡೂ ಬಳೆ ನೋಡಿ ಪಟ್ಟಿ ಕಟ್ಟಿ, ಮಗಳ ಬಳೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಒಂದು ಬಳೆ ಬೋಳು. ಪಟ್ಟಿ ಇಲ್ಲ ಅಂದರೆ ನೋಡಿಲ್ಲ ಎಂದು ಅರ್ಥ. ನಾನು ನೋಡಿದ್ದೆನೋ ಇಲ್ಲವೋ? ನೋಡಿದ ನೆನಪು ಇತ್ತು. ನೆನಪಿಗೆ ಏನು ಗ್ಯಾರಂಟಿ, ನಿನ್ನೆಯದ್ದೂ ಇರಬಹುದು. ಮತ್ತೆ ನೋಡಿದೆ, ಮತ್ತೆ ಕಟ್ಟಿದೆ. ಬೆನ್ನು ತಿರುಗಿಸಿದೆ. ಮತ್ತೆ ಬೋಳು. ತಲೆಯೆತ್ತಿದರೆ ಚೌಕಟ್ಟಿನ ಮೇಲೆ ಆ ಹದ್ದು, ಕಾಲಲ್ಲಿ ನನ್ನ ಬೆಡ್‌ಶೀಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದೆ. ಗೂಡಿಗೆ ಹಾಸುತ್ತಿದೆ. ಉದ್ದಣ್ಣ ಬೆಲ್ಟು ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದವನು, "ಅಣ್ಣಾ, ಬಾಣಂತನಕ್ಕೆ ನಮ್ಮ ಕಡೆಯಿಂದ ಉಡುಗೊರೆ ಅಂದ್ಕೊಳಿ, ಇಳಿಸಿ ಮಾರಾಯ್ರೇ" ಅಂದ.

ಇಳಿಸಲಿಲ್ಲ. ನಾಲ್ಕೂ ಬಳೆ ಮೊದಲಿನಿಂದ ನೋಡಿದೆ. ಅರ್ಧ ಬೆಳಗು ಹೋಯಿತು. ಮ್ಯಾನೇಜರಮ್ಮ ಕೆಳಗಿನಿಂದ ವಾಕಿಟಾಕಿಯಲ್ಲಿ ಕೇಳಿದರು, ಹಗ್ಗದಲ್ಲಿ ಯಾರೂ ಯಾಕೆ ಕಾಣುತ್ತಿಲ್ಲ ಎಂದು. ಹದ್ದು ಪಟ್ಟಿ ಒಯ್ದಿತು ಅಂದೆ. ಏನು ಒಯ್ದಿತು ಎಂದು ಮತ್ತೆ ಕೇಳಿದರು.

ಫೆಬ್ರವರಿ ೨೪, ಮಂಗಳವಾರ

ದಿನಾ ಇದೇ ಹಾಡು. ಪಟ್ಟಿಯ ಮೇಲೆ ಕಲ್ಲು ಹೇರಿದೆ, ಎರಡು ಸುತ್ತು ಸುತ್ತಿದೆ, ಬ್ರಹ್ಮಗಂಟು ಹಾಕಿದೆ. ಕೊಕ್ಕಿನಿಂದ ಬಿಚ್ಚುವುದಿಲ್ಲ, ಹರಿದೇ ಒಯ್ಯುತ್ತದೆ. ಮನೆಯಲ್ಲಿ ಬೆಡ್‌ಶೀಟು ಮುಗಿಯಿತು. ದಿಂಬಿನ ಕವರಿಗೆ ಕೈಹಾಕಿದ್ದಕ್ಕೆ ಮನೆಯವಳು ಕತ್ತರಿ ಬಚ್ಚಿಟ್ಟಿದ್ದಾಳೆ.

ಕೆಂಪು ಕಟ್ಟು, ಅವು ಬಿಳಿಯದಕ್ಕೇ ಆಸೆಪಡುವುದು ಎಂದು ಮಗಳು ಹೇಳಿದಳು. ಆಗುವುದಿಲ್ಲ ಅಂದೆ. ಕೆಂಪು ಅಂದರೆ ಅಪಾಯ. ಕೆಂಪು ಕಟ್ಟಿ, ಇನ್ನು ಇಳೀರಿ ಅನ್ನುವುದಾ? ನಾಳೆ ಹೊಸಬರು ಯಾರಾದರೂ ಬಂದರೆ ಏನು ತಿಳಿದುಕೊಳ್ಳಬೇಕು? ಯಾವ ಹೊಸಬರು ಎಂದು ಅವಳು ಕೇಳಿದಳು. ಯಾರಾದರೂ.

ಮಾರ್ಚ್ ೩, ಮಂಗಳವಾರ

ಗೂಡು ತೆಗೆಸಿ ಎಂದು ಮ್ಯಾನೇಜರಮ್ಮನಿಗೆ ಹೇಳಿ ಹೇಳಿ ನಾಲಿಗೆ ಒಣಗಿತ್ತು. ಇವತ್ತು ಬಂದರು, ಹೀಲ್ಸ್ ಚಪ್ಪಲಿ ಹಾಕಿಕೊಂಡು ತಾರಸಿಗೆ. ನನ್ನ ಕಣ್ಣು ಅವರ ಕಾಲಿನ ಮೇಲೇ. ಅವರು ಪೆಟ್ಟಾದ ಹಕ್ಕಿಗಳನ್ನು ನೋಡುವ ಒಬ್ಬ ಹಕ್ಕಿ ಡಾಕ್ಟರಿಗೆ ಫೋನು ಮಾಡಿ ಫೋಟೋ ಕಳಿಸಿದರು. ಡಾಕ್ಟರು ಹೇಳಿದ್ದು: ಹೆಣ್ಣು ಹದ್ದು ಕೂತಿರುವ ರೀತಿ ನೋಡಿದರೆ ಮೊಟ್ಟೆ ಇಟ್ಟಾಗಿದೆ. ಇನ್ನು ಮರಿ ಹಾರುವವರೆಗೆ ಮುಟ್ಟುವಂತಿಲ್ಲ, ಮುಟ್ಟಿದರೆ ಕೇಸು.

ಮ್ಯಾನೇಜರಮ್ಮ ನನ್ನ ಕಡೆ ತಿರುಗಿ, "ಮೊದಲೇ ಹೇಳೋದಲ್ವಾ?" ಅಂದರು.

ಅವರ ಕಾಲು ನೋಡುತ್ತಲೇ ಮೆಟ್ಟಿಲವರೆಗೆ ಕಳಿಸಿ ಬಂದೆ.

ಮಾರ್ಚ್ ೧೧, ಬುಧವಾರ

ಊಟ ಬಿಟ್ಟು ಮೊದಲು ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಉದ್ದಣ್ಣ ದುಡಿಯೋ ಹಗ್ಗ ಕಟ್ಟಿದ, ನೋಡಿದೆ, ಪಟ್ಟಿ ಹಾಕಿದೆ. ಕಾಯೋ ಹಗ್ಗವನ್ನು ಬಳೆಯೊಳಗೆ ತೂರಿಸಿ ಇನ್ನೇನು ಗಂಟು ಹಾಕಬೇಕು, ಅಷ್ಟರಲ್ಲಿ ಸೋಪಿನ ನೀರಿನ ಡಬ್ಬ ಯಾವುದು ಎಂದು ಕೇಳಲು ಕೆಳಗಿನವರು ಕರೆದರು. ಹಾಗೇ ಬಿಟ್ಟು ಹೋದ. ನಾನು ಮಗಳ ಹತ್ತಿರ ಇದ್ದೆ. ಹಗ್ಗ ಉಜ್ಜದಿರಲಿ ಎಂದು ಅವಳ ಹಗ್ಗದ ಕೆಳಗೆ ಅಂಚಿಗೆ ಹಾಕಿದ ಗೋಣಿ ಸರಿದಿತ್ತು. ಆಗ ಹದ್ದು ನನ್ನ ಚೀಲದಿಂದ ಒಂದು ಪಟ್ಟಿ ಕಚ್ಚಿಕೊಂಡು ಹೋಗುತ್ತಿತ್ತು, ಕಾಗೆ ಅಟ್ಟಿಸಿಕೊಂಡು ಬಂತು, ಹದ್ದು ಪಟ್ಟಿ ಬಿಟ್ಟಿತು, ಎಲ್ಲಿ ಬಿತ್ತು ಎಂದು ಆಗ ನಾನು ನೋಡಲಿಲ್ಲ. ಇಷ್ಟಗಲ ತಾರಸಿಯಲ್ಲಿ ಅದು ಬಂದು ಬಿದ್ದದ್ದು ಎಲ್ಲಿ? ಉದ್ದಣ್ಣನ ಕಾಯೋ ಹಗ್ಗದ ಬಳೆಯ ಮೇಲೆ. ಅವನು ತಿರುಗಿ ಬಂದ, ಎರಡು ಬಳೆಯಲ್ಲೂ ಬಿಳಿ ನೋಡಿದ, ಗಂಟು ಹಾಕಿಯೇ ಹೋಗಿದ್ದೆ ಅಂದುಕೊಂಡು ಇಳಿದ.

ನಾನು ಆ ಬಳೆಯ ಹತ್ತಿರ ಹೋದಾಗ ಅವನು ಆಗಲೇ ಎಷ್ಟೋ ಅಂತಸ್ತು ಕೆಳಗೆ. ಮಗಳೂ ಅವನ ಪಕ್ಕದ ಸಾಲಿನಲ್ಲೇ ಇಳಿದಿದ್ದಳು. ಪಟ್ಟಿ ಸುಮ್ಮನೆ ಬಿದ್ದುಕೊಂಡಿದೆ, ಕಟ್ಟಿಲ್ಲ. ಎತ್ತಿದೆ. ಕೆಳಗೆ ಹಗ್ಗ ಬರೀ ತೂರಿಸಿದ್ದು, ಗಂಟೇ ಇಲ್ಲ. ವಾಕಿಟಾಕಿ ಒತ್ತಿ ಕೂಗಿಬಿಟ್ಟೆ. "ಕಾಯೋ ಹಗ್ಗ ಕಟ್ಟಿಲ್ಲ! ಗಂಟೇ ಇಲ್ಲ, ಅಲ್ಲಾಡಬೇಡ!"

ಉದ್ದಣ್ಣ ಬೆಚ್ಚಿದ್ದಕ್ಕೆ ಮೊಣಕಾಲು ಗಾಜಿಗೆ ಬಡಿಯಿತು. ಬಕೆಟ್ ಕಳಚಿ ಕೆಳಗೆ ಹೋಯಿತು. ಬೇಲಿ ಹಾಕಿದ ಜಾಗಕ್ಕೇ ಬಿತ್ತು, ಅಲ್ಲಿ ಯಾರೂ ಇರಲಿಲ್ಲ. ನಾನು ಗಂಟು ಹಾಕಿದೆ. ಇಬ್ಬರೂ ಮೇಲೆ ಬಂದರು. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಬಿಳಿ ಪಟ್ಟಿ ಅಂತೆ, ಬಿಳಿ ಪಟ್ಟಿ. ಆ ಹಕ್ಕಿಯನ್ನು ಏನು ಮಾಡಿದರೆ ಸಿಟ್ಟು ಇಳಿದೀತು?

ಮಾರ್ಚ್ ೧೨, ಗುರುವಾರ

ಮಗಳು ನಿನ್ನೆಯಿಂದ ಮಾತಾಡಿರಲಿಲ್ಲ. ಇವತ್ತು ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಕಿಟಕಿಯ ಕಡೆ ನೋಡಿಕೊಂಡೇ ಶುರುಮಾಡಿದಳು.

"ಅಪ್ಪಾ, ನೀನು ಕೂಗಿದಾಗ ಆ ಹಗ್ಗ ಎಲ್ಲಿತ್ತು?"

"ನನ್ನ ಕೈಯಲ್ಲೇ."

"ಮತ್ತೆ? ಸುಮ್ಮನೆ ಗಂಟು ಹಾಕಿ ಆಮೇಲೆ ಹೇಳಬಹುದಿತ್ತು. ಯಾರದು ಅಂತಾನೂ ಹೇಳಲಿಲ್ಲ ನೀನು. ನಂದೇ ಅಂದ್ಕೊಂಡೆ ನಾನು."

ಹೆದರಿಕೆಯಾಯಿತು, ಕೂಗಿದೆ, ಅಂದೆ.

"ನಿನಗೆ ಹೆದರಿಕೆ ಆದಾಗೆಲ್ಲ ನೇತಾಡ್ತಾ ಇರೋಳು ನಾನು. ಹುಷಾರು ಮಗಾ, ಎಡಗಡೆ ನೋಡು ಮಗಾ, ಗಾಳಿ ಬರ್ತಿದೆ ಮಗಾ. ನೀನು ಮೇಲಿದ್ರೆ ನನ್ನ ಕೈ ನಡುಗುತ್ತೆ ಅಪ್ಪಾ. ಗಾಳಿಗಲ್ಲ, ನಿನಗೆ."

ಆಮೇಲೆ ಹೇಳಿದಳು, ಈ ಕಟ್ಟಡ ಮುಗಿದ ಮೇಲೆ ಹೊಳೆಯಾಚೆ ಕೆಲಸ ಮಾಡುವ ಗ್ಯಾಂಗಿಗೆ ಹೋಗುತ್ತಾಳಂತೆ. ಅವರು ಕರೆದಿದ್ದಾರೆ. ಆ ಗ್ಯಾಂಗು ನನಗೆ ಗೊತ್ತು. ಅಲ್ಲಿ ಮೇಲೆ ನಿಲ್ಲುವವನನ್ನು ಎಲ್ಲರೂ ಫೋನಪ್ಪ ಅನ್ನುವುದು. ಹಗ್ಗಕ್ಕೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಆಟ ಆಡುತ್ತಾನೆ. ಗಂಟಿನ ಮುಖ ನೋಡಿದವನಲ್ಲ. ಅದನ್ನೇ ಹೇಳಿದೆ.

"ಅವನು ನೋಡದಿದ್ರೆ ನಾನೇ ಎರಡು ಸಲ ನೋಡ್ಕೋತೀನಿ. ಆದ್ರೆ ಅವನು ಕೂಗಲ್ಲ."

ನಮ್ಮ ಸ್ಟಾಪು ಬಂತು. ಇಳಿಯುವಾಗ ಮೆಟ್ಟಿಲು ಹುಷಾರು ಎಂದು ಬಾಯಿಗೆ ಬಂದಿತ್ತು.

ಮಾರ್ಚ್ ೧೩, ಶುಕ್ರವಾರ

ಕೆಂಪು ಬಟ್ಟೆ ತಂದೆ. ಒಂದೂ ಕದಿಯಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮಾರ್ಚ್ ೨೭, ಶುಕ್ರವಾರ

ಪೆಪ್ಪರ್‌ಮಿಂಟ್ ಒಂದು ಪೊಟ್ಟಣ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬಾಯಿಗೆ ಮಾತು ಬಂದಾಗ ಒಂದು ಹಾಕಿಕೊಳ್ಳುವುದು. ಮಧ್ಯಾಹ್ನದೊಳಗೆ ಪೊಟ್ಟಣ ಖಾಲಿ. ಹಲ್ಲು ಜುಮ್ಮೆನ್ನುತ್ತಿದೆ. ಮನೆಯವಳು ನೋಟ್‌ಬುಕ್ಕನ್ನೇ ಮೇಲಕ್ಕೆ ಒಯ್ಯಿರಿ ಅಂದಳು. ಹಗ್ಗದಲ್ಲಿ ಜನ ಇದ್ದಾಗ ಬರೆಯುತ್ತಾ ಕೂರಲು ನಾನೇನು ಫೋನಪ್ಪನಾ? ಆದರೂ ಊಟದ ಹೊತ್ತಿಗೆ ಇರಲಿ ಎಂದು ಚೀಲಕ್ಕೆ ಹಾಕಿಕೊಂಡಿದ್ದೇನೆ.

ಉದ್ದಣ್ಣ ವಾಕಿಟಾಕಿಯಲ್ಲಿ ಕೇಳಿದ: "ಅಣ್ಣಾ, ಇದ್ದೀರಾ? ಸದ್ದೇ ಇಲ್ಲ, ಭಯ ಆಗ್ತಿದೆ."

ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು, ಹೂಂ ಅಂದೆ. ಮಗಳು ನಕ್ಕದ್ದು ಕೇಳಿಸಿತು. ಏನು ನಗುವ ವಿಷಯವೋ.

ಹೆಣ್ಣು ಹದ್ದು ಏಳುವುದೇ ಇಲ್ಲ. ಗಂಡು ಊಟ ತಂದು ಕೊಟ್ಟರೆ ಅಲ್ಲೇ ತಿರುಗಿ ಕೂತು ತಿನ್ನುತ್ತದೆ. ಬಿಸಿಲಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ನೆರಳಿಗೆ ಹೋಗಬಾರದಾ ಪೆದ್ದು. ನೋಡಿ ನೋಡಿ ನನಗೇ ಬಾಯಾರುತ್ತದೆ.

ಏಪ್ರಿಲ್ ೯, ಗುರುವಾರ

ಮರಿ ಬಂದಿದೆ. ಹೇಗೆ ಗೊತ್ತಾಯಿತು ಅಂದರೆ ಹದ್ದು ನನ್ನ ತಲೆಗೆ ಬಡಿದದ್ದರಿಂದ. ಹಿಂದಿನಿಂದ ಬರುತ್ತದೆ ಕಳ್ಳ ಹಕ್ಕಿ, ಎದುರಿಗೆ ಬರುವ ಮರ್ಯಾದೆ ಇಲ್ಲ. ಹೆಲ್ಮೆಟ್ ಇತ್ತು, ಡಬಕ್ ಎಂದು ಸದ್ದಾಯಿತು. ನೀರಿನ ಟ್ಯಾಂಕಿನ ಹತ್ತಿರ ಹೋದರೆ ಒಂದು ಸಲ, ಬಳೆಯ ಹತ್ತಿರ ಬಂದರೆ ಒಂದು ಸಲ. ಉದ್ದಣ್ಣ ನನ್ನ ಹೆಲ್ಮೆಟ್ಟಿನ ಹಿಂಭಾಗಕ್ಕೆ ದೊಡ್ಡ ಎರಡು ಕಣ್ಣು ಬರೆದುಕೊಟ್ಟ, ನೋಡುತ್ತಿದ್ದಾರೆ ಅಂದುಕೊಂಡರೆ ಹದ್ದು ಹತ್ತಿರ ಬರುವುದಿಲ್ಲವಂತೆ. ಹುಬ್ಬೂ ಬರೆದಿದ್ದಾನೆ. ಮ್ಯಾನೇಜರಮ್ಮ ಬಂದು ನನ್ನ ಬೆನ್ನಿನ ಹಿಂದೆ ನಿಂತು ಹೆಲ್ಮೆಟ್ಟಿನ ಫೋಟೋ ತೆಗೆದುಕೊಂಡರು.

ಕಣ್ಣು ಕೆಲಸ ಮಾಡಿತು. ಈಗ ಪಕ್ಕದಿಂದ ಬರುತ್ತಿದೆ.

ಏಪ್ರಿಲ್ ೨೨, ಬುಧವಾರ

ಮೂರು ಗೋಡೆ ಮುಗಿಯಿತು. ಉಳಿದದ್ದು ಗೂಡಿನ ಕೆಳಗಿನ ಮೂಡಣ ಗೋಡೆ.

ಮ್ಯಾನೇಜರಮ್ಮ ನನ್ನನ್ನು ಒಬ್ಬನನ್ನೇ ಮೆಟ್ಟಿಲ ಹತ್ತಿರಕ್ಕೆ ಕರೆದು ದನಿ ತಗ್ಗಿಸಿದರು. ಭಾನುವಾರ ಯಾರೂ ಇರುವುದಿಲ್ಲ, ನಿಮ್ಮ ಹತ್ತಿರ ಉದ್ದನೆಯ ಕೋಲು ಇದೆ, ಗಾಳಿಗೆ ಗೂಡು ಬಿತ್ತು ಅಂದರೆ ಮುಗಿಯಿತು. ನಿಮಗೂ ಪೀಡೆ ತೊಲಗುತ್ತದಲ್ಲ, ಎಲ್ಲರಿಗಿಂತ ಹೆಚ್ಚು ಬೈದವರು ನೀವೇ ಅಲ್ಲವಾ ಅಂದರು.

ಹೌದು, ನಾನೇ. ಆದರೆ ಇದು ಹೇಗೆ ಸಾಧ್ಯ? ಗೂಡಿನಲ್ಲಿ ಏನಿಲ್ಲ ಅನ್ನಿ. ಕಡ್ಡಿ, ವೈರು, ಉದ್ದಣ್ಣನ ಗ್ಲೌಸು, ನಮ್ಮ ಮನೆಯ ಅರ್ಧ ಬೆಡ್‌ಶೀಟು. ಅಷ್ಟೂ ಅಂಚಿನಿಂದ ರಸ್ತೆಗೆ ಬಿದ್ದರೆ ಯಾರ ತಲೆಗೆ ಬರುತ್ತದೆ? ಆ ಚೌಕಟ್ಟಿನ ಬೋಲ್ಟು ಬೇರೆ ಸಡಿಲ. ತಾರಸಿಯಲ್ಲಿ ಏನಾದರೂ ನನ್ನನ್ನೇ ಕೇಳುತ್ತಾರೆ. ಆಗುವುದಿಲ್ಲ ಅಂದೆ. ತಾರಸಿಯ ಬೀಗದ ಕೈ ಕೊಡಿ, ಬೇರೆಯವರಿಂದ ಮಾಡಿಸುತ್ತೇನೆ ಅಂದರು. ಬೀಗದ ಕೈ ಮನೆಯಲ್ಲಿ ಬಿಟ್ಟುಬಂದಿದ್ದೇನೆ ಅಂದೆ. ಜೇಬಿನಲ್ಲಿತ್ತು.

ಏಪ್ರಿಲ್ ೨೬, ಭಾನುವಾರ

ರಜೆ. ಬೋಲ್ಟು ಯೋಚನೆಯಾಗಿ ಹೋಗಿ ನೋಡಿ ಬಂದೆ. ತಾರಸಿಯ ಬಾಗಿಲಿಗೆ ನಾನು ಹಾಕಿದ ಬೀಗ ಹಾಗೇ ಇತ್ತು, ತೆಗೆದು ಒಳಗೆ ಹೋದೆ. ಹೇಗೂ ಬಂದಿದ್ದೇನೆ ಎಂದು ಸಂಜೆಯವರೆಗೆ ಅಲ್ಲೇ ಕೂತೆ. ಎರಡು ಮರಿ. ಹತ್ತಿ ಅಂಟಿಸಿದ ಹಾಗಿವೆ. ದೊಡ್ಡದು ಚಿಕ್ಕದರ ಪಾಲನ್ನೂ ಕಿತ್ತುಕೊಳ್ಳುತ್ತದೆ, ತಾಯಿ ನೋಡಿಯೂ ಸುಮ್ಮನಿರುತ್ತದೆ. ಇದೂ ಒಂದು ತಾಯಿಯಾ?

ಮೇ ೫, ಮಂಗಳವಾರ

ತಲೆಗೆ ಹೊಲಿಗೆ ಬಿದ್ದಿದೆ. ಇಂಜೆಕ್ಷನ್ ಕೊಟ್ಟ ಜಾಗ ತಲೆಗಿಂತ ಹೆಚ್ಚು ನೋಯುತ್ತಿದೆ. ಚಿಕ್ಕದಾಗಿ ಬರೆಯುತ್ತೇನೆ.

ಮೂಡಣ ಗೋಡೆ ಶುರುಮಾಡಿದ್ದೆವು. ಉದ್ದಣ್ಣ ಆ ತುದಿಗೆ, ಮಗಳು ಗೂಡಿನ ಕಡೆಗೆ. ಅವಳದ್ದು ನಾಲ್ಕು ಸಲ ನೋಡಿದೆ, ಅವಳಿಗೆ ಕಾಣದ ಹಾಗೆ. ಸ್ವಲ್ಪ ಇಳಿದಿದ್ದಳು, ಹದ್ದು ಬಂತು. ನನಗೆ ಬಡಿಯುವ ಹಾಗಲ್ಲ, ರೆಕ್ಕೆ ಮಡಿಸಿ ಕಲ್ಲು ಬಿದ್ದ ಹಾಗೆ ಅವಳ ಮೇಲೆ. ಒಂದು ಸಲ ತಪ್ಪಿತು. ಮಗಳು ಗಾಜಿಗೆ ಬೆನ್ನು ತಿರುಗಿಸಿ ಕೈ ಅಡ್ಡ ಹಿಡಿದಳು, ಹಗ್ಗ ತಿರುಚಿಕೊಂಡು ಅವಳು ಬುಗುರಿಯ ಹಾಗೆ ಸುತ್ತಿದಳು. ಹದ್ದು ಮೇಲಕ್ಕೆ ಹೋಗಿ ಮತ್ತೆ ತಿರುಗಿತು.

ನನಗೆ ಆ ಬೋಲ್ಟಿನ ಯೋಚನೆ ಬಂತು. ಹೋಗಿ ಚೌಕಟ್ಟಿನ ಕೆಳಗೆ ನಿಂತೆ. ಹೆಲ್ಮೆಟ್ ಹಾಕಿಕೊಂಡು ತಲೆಯೆತ್ತಿದರೆ ಅದು ಹಿಂದಕ್ಕೆ ಜಾರುತ್ತದೆ, ಅದಕ್ಕೆ ತೆಗೆದು ಪಕ್ಕಕ್ಕಿಟ್ಟೆ. ಮರಿಗಳ ಹತ್ತಿರಕ್ಕೆ ಕೈಯೆತ್ತಿ ಬೋಲ್ಟು ಅಲ್ಲಾಡಿಸಿ ನೋಡಿದೆ. ಎರಡು ಹದ್ದೂ ನನ್ನ ಮೇಲೇ ಬಂದವು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಮಗಳು ಹಗ್ಗ ಬಿಡಿಸಿಕೊಂಡು ಮೇಲೆ ಹತ್ತಿ ಅಂಚು ದಾಟಿ ಬಂದಳು. ವಾಕಿಟಾಕಿ ಸೊಂಟದಲ್ಲೇ ಇತ್ತು, ಒತ್ತಲು ಕೈ ಬಿಡುವಿರಲಿಲ್ಲ.

ಉದ್ದಣ್ಣ ಬಂದು ನೋಡಿ, "ಅಣ್ಣಾ, ಕಣ್ಣು ಬರೆದಿದ್ದು ಹೆಲ್ಮೆಟ್ ಮೇಲೆ, ತಲೆ ಮೇಲಲ್ಲ" ಅಂದ. ಯಾರೂ ನಗಲಿಲ್ಲ. ಮಗಳು ತನ್ನ ಟವೆಲನ್ನು ನನ್ನ ತಲೆಗೆ ಒತ್ತಿ ಹಿಡಿದುಕೊಂಡೇ ಇದ್ದಳು. ಆಸ್ಪತ್ರೆಯಲ್ಲಿ ಕೈ ಬಿಡಮ್ಮ ಎಂದು ನರ್ಸು ಹೇಳಬೇಕಾಯಿತು.

ಬೋಲ್ಟು ಗಟ್ಟಿಯಾಗಿಯೇ ಇದೆ.

ಮೇ ೬, ಬುಧವಾರ

ಮನೆಯವಳು ಬೈದದ್ದನ್ನೆಲ್ಲ ಬರೆದರೆ ಇನ್ನೊಂದು ನೋಟ್‌ಬುಕ್ ಬೇಕು. ಹೆಲ್ಮೆಟ್ ತೆಗೆದದ್ದು ಯಾಕೆ? ಹೇಳಿದೆನಲ್ಲ, ಜಾರುತ್ತದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಚ್ಚಿಟ್ಟಿದ್ದ ಕತ್ತರಿ ತಂದು, ದಿಂಬಿನ ಕವರು ಕತ್ತರಿಸಿ ತಲೆಗೆ ಪಟ್ಟಿ ಕಟ್ಟಿದಳು.

ಹಕ್ಕಿ ಡಾಕ್ಟರಿಗೆ ಮಗಳೇ ಫೋನು ಮಾಡಿದ್ದಾಳೆ. ಮರಿ ಗೂಡು ಬಿಡುವವರೆಗೆ ಗೂಡಿನ ನೇರ ಕೆಳಗಿನ ಸಾಲು ಬಿಡಿ, ಉಳಿದದ್ದು ಮಾಡಿ ಅಂದರಂತೆ. ಇದನ್ನು ಮೊದಲೇ ಹೇಳಲು ಏನಾಗಿತ್ತು ಅವರಿಗೆ. ಮ್ಯಾನೇಜರಮ್ಮ ಕೂಗಾಡಿದರು. ಉದ್ದಣ್ಣ ನನ್ನ ತಲೆಯ ಫೋಟೋ ತೋರಿಸಿದ ಮೇಲೆ ಸುಮ್ಮನಾದರು.

ಮೇ ೧೪, ಗುರುವಾರ

ಅಡುಗೆಮನೆಯಲ್ಲಿ ಮಗಳು ಫೋನಿನಲ್ಲಿ ಮಾತಾಡುತ್ತಿದ್ದಳು. ಕೇಳಿಸಿಕೊಳ್ಳಬೇಕು ಎಂದಲ್ಲ, ನೀರು ಕುಡಿಯಲು ಹೋಗಿದ್ದೆ.

"ಇಲ್ಲ ಅಣ್ಣಾ, ಬರಲ್ಲ. ಇಲ್ಲ, ಕೂಲಿ ವಿಷಯ ಅಲ್ಲ. ನಮ್ಮ ಮೇಲಿನವರು ಸ್ವಲ್ಪ ತಲೆನೋವಿನ ಜನ. ನನಗೆ ಅಭ್ಯಾಸ ಆಗಿದೆ, ಬೇರೆ ಯಾರಿಗೂ ಆಗಲ್ಲ."

ಹೊಳೆಯಾಚೆಯ ಗ್ಯಾಂಗಿನವರು. ಬರುವುದಿಲ್ಲ ಅಂದಿದ್ದಾಳೆ. ನನಗೆ ಒಂದು ಮಾತು ಹೇಳಿಲ್ಲ. ತಿರುಗಿ ನನ್ನನ್ನು ನೋಡಿ, "ನೀರು ಬೇಕಾ?" ಎಂದು ಲೋಟ ಕೊಟ್ಟಳು, ಅಷ್ಟೇ. ಎರಡು ತಿಂಗಳು ನಿದ್ದೆ ಕೆಡಿಸಿ, ಹಲ್ಲು ಹಾಳುಮಾಡಿ, ಈಗ ತಲೆನೋವಿನ ಜನ ಅಂತೆ.

ಎರಡು ಲೋಟ ನೀರು ಕುಡಿದೆ.

ಮೇ ೧೮, ಸೋಮವಾರ, ತಾರಸಿಯಲ್ಲಿ, ಊಟದ ಹೊತ್ತು

ದೊಡ್ಡ ಮರಿ ಶನಿವಾರವೇ ಹಾರಿತು. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಗೂಡು ಖಾಲಿ. ಸಂತೋಷ, ಉಳಿದ ಸಾಲು ಮುಗಿಸೋಣ ಎಂದು ಉದ್ದಣ್ಣ ಹಗ್ಗದ ಸುರುಳಿ ಬಿಚ್ಚಿದ. ನನಗೆ ಒಳಗೊಳಗೇ ಕಸಿವಿಸಿ. ಚಿಕ್ಕದು ನಿನ್ನೆ ಮೊನ್ನೆಯವರೆಗೂ ಗೂಡಿನ ಅಂಚಿಗೆ ಬಂದು ಕಾಲು ನಡುಗಿಸಿಕೊಂಡು ಒಳಗೆ ಹೋಗುತ್ತಿತ್ತು. ಅದು ಇಷ್ಟು ಬೇಗ ಹಾರುವುದೆಂದರೆ? ತಾಯಿ ಬೇರೆ ಸುತ್ತುತ್ತಲೇ ಇದೆ, ನನ್ನ ಹತ್ತಿರವೂ ಬರುತ್ತಿಲ್ಲ, ಕೆಳಗೇ ನೋಡುತ್ತಿದೆ.

ಮಗಳು ಹಗ್ಗದಲ್ಲಿ ಇಳಿದು, ಮೇಲೆ ಬಂದು ಹೇಳಿದಳು. ಕೆಲವು ಅಂತಸ್ತು ಕೆಳಗೆ, ಗಾಜಿನ ಸಾಲಿನ ನಡುವೆ ಒಂದು ಮೊಳ ಅಗಲದ ಕಟ್ಟೆ ಇದೆ, ಚಿಕ್ಕದು ಅಲ್ಲಿ ಕೂತಿದೆ. ತಾರಸಿಯಿಂದ ಬಗ್ಗಿದರೆ ಕಾಣುವುದಿಲ್ಲ, ಅಂಚು ಅಡ್ಡ ಬರುತ್ತದೆ. ಮೂರು ಕಡೆಯಿಂದ ಬಗ್ಗಿ ನೋಡಿದೆ. ಒಳಗಿನಿಂದ ಹೋಗಿ ನೋಡೋಣ ಅಂದರೆ ಆ ಅಂತಸ್ತಿನ ಗಾಜಿಗೆಲ್ಲ ಕಾಗದ ಅಂಟಿಸಿದ್ದಾರೆ.

ಹಕ್ಕಿ ಡಾಕ್ಟರಿಗೆ ನಾನೇ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ. ಒಂದು ಕಡೆಯ ರೆಕ್ಕೆ ಜೋತು ಬಿದ್ದಿದ್ದರೆ ಮುರಿದಿದೆ ಎಂದು ಅರ್ಥ, ತಕ್ಷಣ ಜನ ಕಳಿಸುತ್ತೇನೆ. ಎರಡೂ ಸಮವಾಗಿ ಮಡಿಸಿಕೊಂಡಿದ್ದರೆ ಮುಟ್ಟಬೇಡಿ, ತಾಯಿ ಅಲ್ಲಿಗೇ ಊಟ ತರುತ್ತದೆ, ಅದೇ ಹಾರುತ್ತದೆ. ಯಾವುದು ಹೇಳಿ. ಮಗಳನ್ನು ಕೇಳಿದೆ. "ಬಲಗಡೆದು ಮಡಿಸ್ಕೊಂಡಿತ್ತು, ಎಡಗಡೆದೂ ಮಡಿಸ್ಕೊಂಡಿತ್ತು ಅನ್ಸುತ್ತೆ" ಅಂದಳು. ಅನ್ನಿಸುತ್ತದಂತೆ. ಅನ್ನಿಸಿದ್ದನ್ನು ಡಾಕ್ಟರಿಗೆ ಹೇಗೆ ಹೇಳುವುದು? ಬಿಸಿಲು ನೋಡಿದರೆ ಹೀಗಿದೆ. ಬೆಳಿಗ್ಗೆಯಿಂದ ಅದು ಏನಾದರೂ ತಿಂದಿದೆಯೋ ಇಲ್ಲವೋ.

ಅವರಿಬ್ಬರೂ ಮೆಟ್ಟಿಲ ನೆರಳಲ್ಲಿ ಡಬ್ಬಿ ಬಿಚ್ಚಿದ್ದಾರೆ. ಮಗಳು ಬೆಲ್ಟು ತೆಗೆದಿಟ್ಟಿದ್ದಾಳೆ. ಗಾಳಿ ಸ್ವಲ್ಪ ಇದೆ, ಅಷ್ಟೇನಿಲ್ಲ. ಅವಳ ಎರಡೂ ಗಂಟು ನೋಡಿದ್ದೇನೆ, ಒಂದು ಸಲ. ತಾಯಿ ಹದ್ದನ್ನು ನಾನು ಚೌಕಟ್ಟಿನ ಕಡೆಗೆ ಎಳೆದುಕೊಳ್ಳುತ್ತೇನೆ. ಊಟ ಮುಗಿಸಲಿ ಎಂದು ಕಾಯುತ್ತಿದ್ದೆ, ತಿನ್ನುವುದು ಎಷ್ಟು ನಿಧಾನ ಈ ಹುಡುಗಿ.

ಇನ್ನು ಆಗುವುದಿಲ್ಲ, ಈಗಲೇ ಹೋಗಿ ಕೇಳುತ್ತೇನೆ. ಮಗಾ, ಇನ್ನೊಂದು ಸಲ ಇಳಿದು ಅದರ ಎಡಗಡೆ ರೆಕ್ಕೆ ಜೋತು ಬಿದ್ದಿದೆಯಾ, ಬರೀ ಮಡಿಸ್ಕೊಂಡಿದೆಯಾ, ಸರಿಯಾಗಿ ನೋಡ್ಕೊಂಡು ಬರ್ತೀಯಾ?